ಎಣ್ಣೆ ಹೊಡೆದರೂ ಬಿಟ್ಟುಹೋಗದ ಹುಳು

ಅಕ್ಟೋಬರ್ ತಿಂಗಳಲ್ಲಿ ಸಿಂಧನೂರಿನಿಂದ ಗಂಗಾವತಿ ಕಡೆಗೆ ಬಸ್ಸಿನಲ್ಲಿ ಹೊರಟರೆ ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ನೆಲ್ಲಿನ ಹಸಿರು. ತೆನೆ ಹಾಲು ತುಂಬುವ ಹೊತ್ತು. ಕೆಲವು ವರ್ಷ ಈ ಹಸಿರಿನ ನಡುವೆ ಅಲ್ಲಲ್ಲಿ ದುಂಡನೆಯ ಕಂದು ಮಚ್ಚೆಗಳು ಏಳುತ್ತವೆ. ಮೊದಲು ಕಾಣುವಾಗ ಗಾಡಿಯ ಗಾಲಿಯಷ್ಟು ಅಗಲ. ಕೆಲವೇ ದಿನಗಳಲ್ಲಿ ಒಕ್ಕಣೆಯ ಕಣದಷ್ಟು. ದೂರದಿಂದ ನೋಡಿದವರಿಗೆ ಯಾರೋ ಬೆಂಕಿ ಹಚ್ಚಿದ್ದಾರೆ ಎನ್ನಿಸಬೇಕು. ಹತ್ತಿರ ಹೋಗಿ ಬುಡವನ್ನು ಬಗ್ಗಿಸಿ ನೋಡಿದರೆ ಸಾಸಿವೆಗಿಂತ ತುಸು ದೊಡ್ಡದಾದ ಕಂದು ಹುಳುಗಳು ನೂರಾರು ಸಂಖ್ಯೆಯಲ್ಲಿ ಕಾಂಡಕ್ಕೆ ಅಂಟಿಕೊಂಡಿರುತ್ತವೆ. ಕೈ ತಾಗಿದ ಕೂಡಲೇ ಅಡ್ಡಡ್ಡ ಸರಿಯುತ್ತವೆ, ಇಲ್ಲವೇ ಪಟ್ಟನೆ ನೀರಿಗೆ ಜಿಗಿಯುತ್ತವೆ.

ಇದೇ ಕಂದು ಜಿಗಿಹುಳು. ಪೈರು ಒಣಗುವ ಈ ಬಗೆಗೆ ಜಿಗಿಸುಡು ಎನ್ನುತ್ತಾರೆ. ಸಿಂಧನೂರು ಸೀಮೆಯ ಕ್ಯಾಂಪುಗಳ ತೆಲುಗು ಮಾತಿನಲ್ಲಿ ಇದರ ಹೆಸರು ಸುಡಿದೋಮ. ಸುಡಿ ಎಂದರೆ ಸುಳಿ. ಪೈರು ಸುಳಿಯಂತೆ ದುಂಡಗೆ ಒಣಗುತ್ತ ಹೋಗುವುದನ್ನು ಕಂಡವರೇ ಇಟ್ಟ ಹೆಸರು ಎನ್ನುವಂತಿದೆ.

ರಾಯಚೂರು ಕಡೆಯ ರೈತರು ಕೀಟನಾಶಕಕ್ಕೆ 'ಎಣ್ಣೆ' ಎನ್ನುತ್ತಾರೆ. ಸಿಂಪಡಿಸುವುದು ಎಂದರೆ 'ಎಣ್ಣೆ ಹೊಡೆಯುವುದು'. ಈ ಹುಳುವಿನ ಬಗ್ಗೆ ಅವರ ದೂರು ಒಂದೇ: ಎಷ್ಟು ಎಣ್ಣೆ ಹೊಡೆದರೂ ಮತ್ತೆ ಬರುತ್ತದೆ. ಒಮ್ಮೆ ಹೊಡೆದ ಮೇಲೆ ಕೆಲವು ದಿನ ಕಾಣುವುದಿಲ್ಲ, ಆಮೇಲೆ ಮೊದಲಿಗಿಂತ ಹೆಚ್ಚಾಗಿ ಕಾಣುತ್ತದೆ. ಇದು ರೈತರ ಭ್ರಮೆಯೇ? ಕಳಪೆ ಔಷಧಿಯ ಫಲವೇ? ಅಥವಾ ಇದರ ಹಿಂದೆ ವಿಜ್ಞಾನದ ಕಾರಣವೊಂದು ಇದೆಯೇ? ಉತ್ತರಕ್ಕಾಗಿ ಈ ಹುಳುವಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ಹುಳುವಿನ ಪರಿಚಯ

ಸ್ವೀಡನ್ನಿನ ಕೀಟವಿಜ್ಞಾನಿ ಕಾರ್ಲ್ ಸ್ಟೋಲ್ 1854ರಲ್ಲಿ ಈ ಕೀಟವನ್ನು ಮೊದಲು ವರ್ಣಿಸಿದ. ಅವನು ಕೊಟ್ಟ ಪ್ರಭೇದದ ಹೆಸರು ಲುಗೆನ್ಸ್. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಶೋಕಿಸುವ' ಎಂದರ್ಥ. 1906ರಲ್ಲಿ ಡಿಸ್ಟೆಂಟ್ ಎಂಬ ಇಂಗ್ಲಿಷ್ ವಿಜ್ಞಾನಿ ರೂಪಿಸಿದ ಕುಲದ ಹೆಸರು ನಿಲಪರ್ವತ; ನಮ್ಮ ಕಿವಿಗೆ ಅದು ನೀಲಪರ್ವತವೆಂದೇ ಕೇಳುತ್ತದೆ. ಹೀಗೆ ಇದರ ಪೂರ್ಣ ವೈಜ್ಞಾನಿಕ ಹೆಸರು ನಿಲಪರ್ವತ ಲುಗೆನ್ಸ್.

ಇದು ರಸ ಹೀರುವ ಕೀಟ. ತಿಗಣೆ, ಸಸ್ಯಹೇನು, ಹಿಟ್ಟುತಿಗಣೆ, ಶಲ್ಕ ಕೀಟಗಳ ಗಣಕ್ಕೆ ಸೇರಿದೆ. ಸೂಜಿಯಂಥ ಬಾಯಿಯನ್ನು ಕಾಂಡಕ್ಕೆ ಚುಚ್ಚಿ, ಆಹಾರ ಸಾಗಿಸುವ ನಾಳದಿಂದ ರಸ ಹೀರುತ್ತದೆ. ಹೆಣ್ಣು ಹುಳು ಎಲೆಯ ಕವಚವನ್ನು ಸೀಳಿ ಅದರೊಳಗೆ ಸಾಲಾಗಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಇಡುವ ಮೊಟ್ಟೆ 100ರಿಂದ 300. ವಾರ ಕಳೆದು ಒಂದೆರಡು ದಿನಗಳಲ್ಲಿ ಮರಿ ಹೊರಬಂದು, ಐದು ಸಲ ಪೊರೆ ಕಳಚಿ ಪ್ರೌಢವಾಗುತ್ತದೆ. ಮೊಟ್ಟೆಯಿಂದ ಪ್ರೌಢ ಹುಳುವಿನ ತನಕ ಸುಮಾರು 25ರಿಂದ 30 ದಿನ.

ಪ್ರೌಢ ಹುಳುಗಳಲ್ಲಿ ಎರಡು ರೂಪಗಳಿವೆ. ಆಹಾರ ಸಮೃದ್ಧವಾಗಿದ್ದಾಗ ಗಿಡ್ಡ ರೆಕ್ಕೆಯವು ಹುಟ್ಟುತ್ತವೆ. ಇವು ಹಾರುವುದಿಲ್ಲ, ಇದ್ದಲ್ಲೇ ಕುಳಿತು ಹೆಚ್ಚು ಮೊಟ್ಟೆ ಇಡುತ್ತವೆ. ಗದ್ದೆ ಕಿಕ್ಕಿರಿದು ಪೈರು ಮುದಿಯಾದಾಗ ಉದ್ದ ರೆಕ್ಕೆಯವು ಹುಟ್ಟಿ ಹೊಸ ಗದ್ದೆ ಹುಡುಕಿಕೊಂಡು ಹೊರಡುತ್ತವೆ. ಇದರ ಆಹಾರ ಭತ್ತ ಮತ್ತು ಭತ್ತದ ಕಾಡು ಬಂಧುಗಳು ಮಾತ್ರ ಎನ್ನಬಹುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊಟ್ಟೆ ಕವಚದೊಳಗೆ, ಹುಳು ಪೈರಿನ ಬುಡದಲ್ಲಿ. ಮೇಲಿನಿಂದ ಸಿಂಪಡಿಸಿದ ಔಷಧಿ ಇವೆರಡನ್ನೂ ಸರಿಯಾಗಿ ಮುಟ್ಟುವುದಿಲ್ಲ. ಮನೆಯಂಗಳದಲ್ಲಿ ಆರ್ಕಿಡ್ ಬೆಳೆಸುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಅಲ್ಲಿಯೂ ಹಿಟ್ಟುತಿಗಣೆ ಮತ್ತು ಶಲ್ಕ ಕೀಟಗಳು ಎಲೆಯ ಬುಡದ ಸಂದಿಯಲ್ಲಿ, ಮೇಣದ ಹೊದಿಕೆಯ ಕೆಳಗೆ ಅಡಗಿ ಕುಳಿತು ಸಿಂಪಡಣೆಯ ನಂತರ ಮತ್ತೆ ಹೊರಬರುತ್ತವೆ. ಆದರೆ ಅಡಗಿ ಕೂರುವುದೊಂದೇ ಕಾರಣವಾಗಿದ್ದರೆ ಕಂದು ಜಿಗಿಹುಳು ಎಲ್ಲ ಕಾಲದಲ್ಲೂ ದೊಡ್ಡ ಪೀಡೆಯಾಗಿರಬೇಕಿತ್ತು. ಹಾಗಿರಲಿಲ್ಲ.

ತಿಮಿಂಗಿಲದ ಎಣ್ಣೆ

ಹಿಂದಿನ ಕಾಲದಲ್ಲಿ ಈ ಗುಂಪಿನ ಹುಳುಗಳಿಂದ ಹೆಚ್ಚು ನೊಂದ ದೇಶ ಜಪಾನ್. 1732ರಲ್ಲಿ ಅಲ್ಲಿನ ಪಶ್ಚಿಮ ಭಾಗದಲ್ಲಿ ಜಿಗಿಹುಳುಗಳ ಹಾವಳಿಯಿಂದ ಭೀಕರ ಕ್ಷಾಮ ಬಂತು. ಅಲ್ಲಿನ ರೈತರು ಕಂಡುಕೊಂಡ ಉಪಾಯ ಕುತೂಹಲಕರ. ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆಯನ್ನು ತೆಳುವಾಗಿ ಹರಡುವುದು, ಪೈರನ್ನು ಕೋಲಿನಿಂದ ಬಡಿದು ಹುಳುಗಳನ್ನು ನೀರಿಗೆ ಬೀಳಿಸುವುದು. ಎಣ್ಣೆಯ ಪೊರೆ ಹುಳುವಿನ ಉಸಿರಾಟದ ರಂಧ್ರಗಳನ್ನು ಮುಚ್ಚಿ ಕೊಲ್ಲುತ್ತಿತ್ತು. ನಮ್ಮವರು ಇಂದು ಮಾತಿಗೆ 'ಎಣ್ಣೆ' ಎನ್ನುತ್ತಾರೆ. ಅವರು ಹೊಡೆದದ್ದು ನಿಜವಾದ ಎಣ್ಣೆಯನ್ನೇ.

ಜಪಾನಿನ ಚಳಿಗಾಲವನ್ನು ಕಂದು ಜಿಗಿಹುಳು ತಾಳಲಾರದು. ಹಾಗಾದರೆ ಪ್ರತಿ ಬೇಸಿಗೆಯಲ್ಲಿ ಎಲ್ಲಿಂದ ಬರುತ್ತಿತ್ತು? ಉತ್ತರಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 1967ರಲ್ಲಿ. ಜಪಾನಿನಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ದೂರದ ಸಮುದ್ರದಲ್ಲಿ ನಿಂತಿದ್ದ ಹವಾಮಾನ ವೀಕ್ಷಣಾ ಹಡಗಿಗೆ ಜಿಗಿಹುಳುಗಳ ದಂಡು ಬಂದು ಮುತ್ತಿತು. ಉದ್ದ ರೆಕ್ಕೆಯ ಹುಳುಗಳು ಮಳೆಗಾಲದ ಗಾಳಿಯಲ್ಲಿ ತೇಲಿ ಸಮುದ್ರವನ್ನೇ ದಾಟುತ್ತವೆ ಎಂಬುದು ಆಗ ಖಚಿತವಾಯಿತು.

ಜಪಾನಿನ ಕಥೆ ಅಪವಾದ. ವರ್ಷವಿಡೀ ಬೆಚ್ಚಗಿರುವ ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ 1960ರ ದಶಕದವರೆಗೆ ಈ ಹುಳು ಗದ್ದೆಯಲ್ಲಿದ್ದರೂ ದೊಡ್ಡ ಸುದ್ದಿಯಾಗಿರಲಿಲ್ಲ. ಅಲ್ಲಿ ಅದನ್ನು ಹದ್ದಿನಲ್ಲಿ ಇಟ್ಟಿದ್ದುದು ಯಾವುದು?

ಕಾಲುವೆ ಬಂತು

ಈಗ ನಮ್ಮ ಜಿಲ್ಲೆಗೆ ಬರೋಣ. ಅಶೋಕನ ಶಾಸನದ ಮಸ್ಕಿ, ಹಟ್ಟಿ ಚಿನ್ನದ ಗಣಿಯ ಲಿಂಗಸೂಗೂರು, ಪಕ್ಕದ ಸಿಂಧನೂರು - ಈ ಮೂರೂ ಕಡೆ ಒಂದು ಕಾಲಕ್ಕೆ ಬೇಸಾಯ ಬಹುಪಾಲು ಒಂದೇ ಬಗೆಯದಾಗಿತ್ತು. ಎರೆ ಭೂಮಿಯಲ್ಲಿ ಬಿಳಿಜೋಳ, ಹತ್ತಿ. ಹಗುರ ನೆಲದಲ್ಲಿ ಸಜ್ಜೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಬರ. ಭತ್ತ ಇದ್ದದ್ದು ಕೆರೆ ಮತ್ತು ಹಳ್ಳಗಳ ಕೆಳಗಿನ ತುಂಡು ನೆಲದಲ್ಲಿ. ಇಂಥಲ್ಲಿ ಭತ್ತವನ್ನೇ ನಂಬಿದ ಹುಳುವಿಗೆ ಬಾಳುವೆ ಎಲ್ಲಿ?

ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ ಸೇರಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆಗೆ ಸಾಗುತ್ತದೆ. ಯೋಜನೆಯ ಮೂಲ ಉದ್ದೇಶ ಬರದಿಂದ ರಕ್ಷಣೆ. ಇದ್ದ ನೀರನ್ನು ಆದಷ್ಟು ಹೆಚ್ಚು ನೆಲಕ್ಕೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಉಳಿಸಬೇಕೆಂಬುದು ಎಣಿಕೆ. ಭತ್ತಕ್ಕೆ ಗುರುತಿಸಿದ್ದು ಸಣ್ಣ ಪಾಲು ಮಾತ್ರ.

ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ನೀರಾವರಿ ಬೇಸಾಯ ಬಲ್ಲ ಕುಟುಂಬಗಳು ಬಂದು ನೆಲ ಕೊಂಡು, ಮಟ್ಟ ಮಾಡಿ, ಕ್ಯಾಂಪುಗಳನ್ನು ಕಟ್ಟಿಕೊಂಡವು. ಸ್ಥಳೀಯರೂ ಅವರನ್ನು ನೋಡಿ ಕಲಿತರು. ಭತ್ತದಲ್ಲಿ ಖಚಿತ ಆದಾಯವಿತ್ತು, ಮಾರುಕಟ್ಟೆಯಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಕೊನೆಭಾಗದವರಿಗೆ ನೀರು ತಲುಪುವುದು ಕಷ್ಟವಾಯಿತು. ನೀರು ಸಾಕಷ್ಟು ಸಿಕ್ಕ ವರ್ಷ ಮುಂಗಾರಿಗೆ ಒಂದು ಬೆಳೆ, ಬೇಸಿಗೆಗೆ ಇನ್ನೊಂದು. ಒಣ ಬೇಸಾಯದ ಸೀಮೆಯ ನಡುವೆ ಭತ್ತದ ದೊಡ್ಡ ದ್ವೀಪವೊಂದು ಹುಟ್ಟಿತು. ಹುಳುವಿನ ದೃಷ್ಟಿಯಿಂದ ನೋಡಿದರೆ, ಹಿಂದೆ ಎಂದೂ ಇಲ್ಲದ ಊಟದ ಮನೆ ತೆರೆಯಿತು.

ಹೊಸ ತಳಿ, ಹಳೆಯ ಹುಳು

ಫಿಲಿಪ್ಪೀನ್ಸ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಗಿಡ್ಡ ಕಾಂಡ, ಹೆಚ್ಚು ಗೊಬ್ಬರ ಹಾಕಿದರೂ ಬಾಗದ ಪೈರು, ಹಿಂದೆಂದೂ ಕಾಣದ ಇಳುವರಿ. ಏಷ್ಯಾದ ಹಸಿವನ್ನು ತಗ್ಗಿಸಿದ ಈ ತಳಿಗಳ ಋಣವನ್ನು ಮರೆಯಬಾರದು. ಆದರೆ ಇವುಗಳ ಜೊತೆಗೆ ಇನ್ನೂ ಮೂರು ಸಂಗತಿಗಳು ಗದ್ದೆಗೆ ಬಂದವು: ಒತ್ತಾದ ನಾಟಿ, ಹೆಚ್ಚು ಸಾರಜನಕ ಗೊಬ್ಬರ ಮತ್ತು ದಿನ ಎಣಿಸಿ ಹೊಡೆಯುವ ಕೀಟನಾಶಕ. ಸಾರಜನಕ ಹೆಚ್ಚಾದ ಪೈರಿನ ರಸದಲ್ಲಿ ಹುಳುವಿಗೆ ಬೇಕಾದ ಪೋಷಕಾಂಶಗಳು ಹೆಚ್ಚು. ಒತ್ತಾದ ಪೈರಿನ ಬುಡದಲ್ಲಿ ನೆರಳು, ತೇವ. ಹುಳುವಿಗೆ ಇಷ್ಟವಾಗುವ ವಾತಾವರಣ.

1973ರ ಕೊನೆಯಿಂದ 1974ರ ಆರಂಭದ ಒಳಗೆ ಕೇರಳದಲ್ಲಿ ಸುಮಾರು 50,000 ಹೆಕ್ಟೇರ್ ಭತ್ತಕ್ಕೆ ಕಂದು ಜಿಗಿಹುಳು ತೀವ್ರ ಹಾನಿ ಮಾಡಿತು. ಅದೇ ವರ್ಷಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಂದಲೂ ಇಂಥದೇ ವರದಿಗಳು ಬಂದವು.

ವಿಜ್ಞಾನಿಗಳ ಮೊದಲ ಉತ್ತರ ನಿರೋಧಕ ತಳಿ. ಭಾರತೀಯ ಕೀಟವಿಜ್ಞಾನಿ ಎಂ.ಡಿ. ಪಾಠಕ್ ಮತ್ತು ಸಂಗಡಿಗರು ಫಿಲಿಪ್ಪೀನ್ಸ್‌ನ ಆ ಸಂಸ್ಥೆಯಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಭಾರತ ಮೂಲದ ಮುಡ್ಗೊ ಎಂಬ ತಳಿಯ ಮೇಲೆ ಹುಳು ಬದುಕುವುದಿಲ್ಲವೆಂದು ಕಂಡರು. ಆ ಗುಣದ ಜೀನನ್ನು ಸೇರಿಸಿ 1973ರಲ್ಲಿ ಐಆರ್-26 ಬಿಡುಗಡೆಯಾಯಿತು. ಎರಡು ಮೂರು ವರ್ಷಗಳಲ್ಲೇ ಅದನ್ನೂ ತಿಂದು ಬದುಕುವ ಹುಳುಗಳು ಕಾಣಿಸಿಕೊಂಡವು. 1976ರಲ್ಲಿ ಬೇರೊಂದು ಜೀನ್ ಹೊತ್ತ ಐಆರ್-36 ಬಂತು. ಅದು ಹೆಚ್ಚು ಕಾಲ ತಡೆಯಿತು. ಆದರೆ ದಕ್ಷಿಣ ಏಷ್ಯಾದ ಹುಳುಗಳ ಮುಂದೆ ಈ ಎರಡು ಜೀನ್‌ಗಳೂ ಮೊದಲಿನಿಂದಲೇ ನಿಲ್ಲಲಿಲ್ಲ. ಇಲ್ಲಿ ಆಸರೆಯಾದದ್ದು ಕೇರಳದ ಪಟ್ಟಾಂಬಿಯ ಪಿಟಿಬಿ-33ರಂಥ ತಳಿಗಳು.

ಒಂದೇ ಜೀನಿನ ಗೋಡೆಯನ್ನು ಹುಳು ಏಕೆ ಬೇಗ ದಾಟಿತು? ಕೋಟ್ಯಂತರ ಹುಳುಗಳಲ್ಲಿ ಕೆಲವಾದರೂ ಆ ತಳಿಯ ಮೇಲೆ ಬದುಕಬಲ್ಲವು ಇರುತ್ತವೆ. ಉಳಿದವು ಸತ್ತಾಗ ಅವೇ ಉಳಿದು ಸಂತಾನ ಬೆಳೆಸುತ್ತವೆ. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಇಲ್ಲಿ ಕೆಲವೇ ವರ್ಷಗಳಲ್ಲಿ, ರೈತರ ಕಣ್ಣೆದುರೇ ನಡೆಯಿತು.

ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಮನೆಮಾತಾದ ಸೋನಾ ಮಸೂರಿ, ಅಂದರೆ ಆಂಧ್ರದ ಬಾಪಟ್ಲದಲ್ಲಿ ಬೆಳೆಸಿ 1986ರಲ್ಲಿ ಬಿಡುಗಡೆಯಾದ ಬಿಪಿಟಿ-5204, ಈ ಹುಳುವಿಗೆ ಸುಲಭ ತುತ್ತು. ಹುಳುವನ್ನು ತಾಳಿಕೊಳ್ಳುವ ತಳಿಗಳೂ ಉಂಟು. ಮಾರುಟೇರಿನ ವಿಜೇತ ಎಂಬ ಎಂಟಿಯು-1001 ಅಂಥದ್ದು. ಆದರೆ ತಳಿಯನ್ನು ಆರಿಸುವವರು ಕೀಟವಿಜ್ಞಾನಿಗಳಲ್ಲ, ಅನ್ನ ಉಣ್ಣುವವರು. ಸಣ್ಣ ಅಕ್ಕಿಗೆ ಒಳ್ಳೆಯ ಬೆಲೆ ಇರುವ ತನಕ ರೈತ ಅದನ್ನೇ ಬೆಳೆಯುತ್ತಾನೆ.

ಎಣ್ಣೆ ಹೊಡೆದಷ್ಟೂ ಹೆಚ್ಚುವುದೇಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. 1970ರ ದಶಕದ ಕೊನೆಯಲ್ಲಿ ಪೀಟರ್ ಕೆನ್ಮೋರ್ ಎಂಬ ಯುವ ಅಮೆರಿಕನ್ ಸಂಶೋಧಕರು ಫಿಲಿಪ್ಪೀನ್ಸ್‌ನ ಗದ್ದೆಗಳಲ್ಲಿ ಸರಳವಾದ ಹೋಲಿಕೆ ಮಾಡಿದರು. ಕೆಲವು ಗದ್ದೆಗಳಿಗೆ ಕೀಟನಾಶಕ, ಕೆಲವಕ್ಕೆ ಇಲ್ಲ. ಸಿಂಪಡಿಸದ ಗದ್ದೆಗಳಲ್ಲಿ ಜಿಗಿಹುಳು ಇತ್ತು, ಆದರೆ ಹಾನಿಯ ಮಟ್ಟಕ್ಕೆ ಏರಲಿಲ್ಲ. ಸಿಂಪಡಿಸಿದಲ್ಲಿ ಅದು ಹಲವು ಪಟ್ಟು ಹೆಚ್ಚಿತು. ವ್ಯತ್ಯಾಸಕ್ಕೆ ಕಾರಣ ಅದರ ಶತ್ರುಗಳು.

ಭತ್ತದ ಗದ್ದೆ ಬರಿ ಭತ್ತದ ಮನೆಯಲ್ಲ. ಬುಡದಲ್ಲಿ ಓಡಾಡುವ ತೋಳ ಜೇಡ ದಿನಕ್ಕೆ 5ರಿಂದ 15 ಹುಳು ತಿನ್ನುತ್ತದೆ. ಹಸಿರು ಬಣ್ಣದ ಪುಟ್ಟ ಮಿರಿಡ್ ತಿಗಣೆ ಕವಚದೊಳಗಿನ ಮೊಟ್ಟೆಗಳನ್ನೇ ಹುಡುಕಿ ಹೀರುತ್ತದೆ. ಅತಿ ಸಣ್ಣ ಕಣಜಗಳು ಜಿಗಿಹುಳುವಿನ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ, ನೀರಿನ ಮೇಲೆ ಓಡುವ ತಿಗಣೆ, ಕಪ್ಪೆ - ಎಲ್ಲಕ್ಕೂ ಇದು ಊಟ. ಜೇಡ ಮತ್ತು ಮಿರಿಡ್ ತಿಗಣೆ ಬಯಲಿನಲ್ಲಿ ಓಡಾಡುವುದರಿಂದ ಔಷಧಿ ಅವಕ್ಕೆ ನೇರವಾಗಿ ತಾಗುತ್ತದೆ. ಕವಚದೊಳಗಿನ ಮೊಟ್ಟೆ ಉಳಿಯುತ್ತದೆ. ವಾರದ ನಂತರ ಮರಿಗಳು ಹೊರಬಂದಾಗ ತಿನ್ನುವವರು ಯಾರೂ ಇರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಹೆಣ್ಣು ಹುಳು 200 ಮೊಟ್ಟೆ ಇಟ್ಟಿತೆನ್ನಿ. ಅರ್ಧ, ಅಂದರೆ 100 ಹೆಣ್ಣು. ಶತ್ರುಗಳ ಬಾಯಿಂದ ಪಾರಾಗಿ ಆ 100ರಲ್ಲಿ 1 ಮಾತ್ರ ಪ್ರೌಢವಾದರೆ ಸಂಖ್ಯೆ ಇದ್ದಷ್ಟೇ ಇರುತ್ತದೆ. ಶತ್ರುಗಳು ಕಡಿಮೆಯಾಗಿ 100ರಲ್ಲಿ 5 ಉಳಿದವು ಎಂದುಕೊಳ್ಳಿ. ಆಗಲೂ 95 ಸಾಯುತ್ತಿವೆ! ಆದರೂ ಒಂದು ತಲೆಮಾರಿಗೆ 5 ಪಟ್ಟು, ಎರಡಕ್ಕೆ 25, ಮೂರಕ್ಕೆ 125 ಪಟ್ಟು. ಒಂದು ಬೆಳೆಯ ಅವಧಿಯಲ್ಲಿ ಮೂರು ತಲೆಮಾರಿಗೆ ಸಮಯವಿದೆ. ಇದು ತಿಳಿಯಲೆಂದು ಮಾಡಿದ ಲೆಕ್ಕ. ಗದ್ದೆಯ ನಿಜ ಸಂಖ್ಯೆಗಳು ಬೇರೆ ಬೇರೆ ಇರುತ್ತವೆ. ಆದರೆ ಸಾವಿನ ಪ್ರಮಾಣದಲ್ಲಿ ಸಣ್ಣ ಇಳಿಕೆಯಾದರೂ ಸಂಖ್ಯೆಯಲ್ಲಿ ಎಷ್ಟು ದೊಡ್ಡ ಏರಿಕೆ ಆಗಬಹುದೆಂದು ಇದು ತೋರಿಸುತ್ತದೆ.

ಇನ್ನೊಂದು ಸಂಗತಿಯೂ ಹೊರಬಂತು. ತಮಿಳುನಾಡಿನ ಎಸ್. ಚೆಲ್ಲಯ್ಯ ಮತ್ತು ಫಿಲಿಪ್ಪೀನ್ಸ್‌ನಲ್ಲಿದ್ದ ಹೈನ್ರಿಕ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡೆಲ್ಟಾಮೆಥ್ರಿನ್, ಮೀಥೈಲ್ ಪ್ಯಾರಾಥಿಯಾನ್‌ನಂಥ ಕೆಲವು ಔಷಧಿಗಳ ಪ್ರಭಾವಕ್ಕೆ ಒಳಗಾಗಿಯೂ ಸಾಯದೆ ಉಳಿದ ಹುಳುಗಳು ಹೆಚ್ಚು ಸಂತಾನ ಪಡೆಯುತ್ತಿದ್ದವು. ಅಂದರೆ ರೈತನ ದೂರು ಭ್ರಮೆಯಲ್ಲ. ಕೀಟವಿಜ್ಞಾನದಲ್ಲಿ ಇದಕ್ಕೆ ಪೀಡೆಯ ಪುನರುತ್ಥಾನ ಎನ್ನಬಹುದು. ಮೀಥೈಲ್ ಪ್ಯಾರಾಥಿಯಾನನ್ನು ಭಾರತ ಸರ್ಕಾರ 2018ರಲ್ಲಿ ನಿಷೇಧಿಸಿತು.

ಇಂಡೋನೇಷ್ಯಾ ಕಲಿತ ಪಾಠ

ಈ ಜ್ಞಾನವನ್ನು ಒಂದು ಇಡೀ ದೇಶ ಕಾರ್ಯರೂಪಕ್ಕೆ ತಂದದ್ದು 1986ರಲ್ಲಿ. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾಗಿತ್ತು. ಅಲ್ಲಿನ ಸರ್ಕಾರ ಕೀಟನಾಶಕದ ಬೆಲೆಯ ಐದರಲ್ಲಿ ನಾಲ್ಕು ಪಾಲನ್ನು ತಾನೇ ಭರಿಸುತ್ತಿತ್ತು. ಅಗ್ಗವಾಗಿ ಸಿಕ್ಕಿದ್ದನ್ನು ರೈತರು ಧಾರಾಳವಾಗಿ ಹೊಡೆದರು. 1985-86ರಲ್ಲಿ ಜಾವಾ ದ್ವೀಪದಲ್ಲಿ ಜಿಗಿಸುಡು ಹಬ್ಬಿತು. ಸಿಂಪಡಣೆ ಹೆಚ್ಚಿದಷ್ಟೂ ಹಾನಿ ಹೆಚ್ಚಿತು.

1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸುವ ಆದೇಶ ಹೊರಡಿಸಿದರು. ಸಹಾಯಧನವನ್ನು ಹಂತ ಹಂತವಾಗಿ ಇಳಿಸಿ 1989ರ ಆರಂಭದಲ್ಲಿ ನಿಲ್ಲಿಸಲಾಯಿತು. ಬಳಿಕ ರೈತರ ಕ್ಷೇತ್ರಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ಬೆಳೆಯ ಕಾಲವಿಡೀ ವಾರಕ್ಕೊಮ್ಮೆ ಗದ್ದೆಯಲ್ಲಿ ಸೇರಿ, ಪೀಡೆಗಳನ್ನೂ ಅವುಗಳ ಶತ್ರುಗಳನ್ನೂ ಎಣಿಸಿ, ಚಿತ್ರ ಬರೆದು, ಸಿಂಪಡಿಸಬೇಕೇ ಬೇಡವೇ ಎಂದು ತಾವೇ ತೀರ್ಮಾನಿಸುತ್ತಿದ್ದರು. ಕೀಟನಾಶಕದ ಬಳಕೆ ಇಳಿಯಿತು. ಭತ್ತದ ಇಳುವರಿ ಇಳಿಯಲಿಲ್ಲ.

ಜಾವಾದ ಗದ್ದೆಗಳಿಂದ 1996ರಲ್ಲಿ ಇನ್ನೊಂದು ಸೊಗಸಾದ ಸಂಗತಿ ಪ್ರಕಟವಾಯಿತು. ನಾಟಿಯಾದ ಹೊಸದರಲ್ಲಿ ಗದ್ದೆಯಲ್ಲಿ ಜಿಗಿಹುಳು ಇರುವುದಿಲ್ಲ. ಆದರೂ ಜೇಡಗಳಿರುತ್ತವೆ. ಅವು ಏನು ತಿನ್ನುತ್ತವೆ? ಕೊಳೆತ ಹುಲ್ಲು, ಪಾಚಿ ಮತ್ತು ನೀರಿನ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆಯುವ ನುಸಿಯಂಥ ನಿರುಪದ್ರವಿ ಕೀಟಗಳನ್ನು. ಗದ್ದೆಯ ಕೆಸರು ಮೊದಲು ಈ ನುಸಿಗಳನ್ನು ಸಾಕುತ್ತದೆ, ನುಸಿಗಳು ಜೇಡಗಳನ್ನು ಸಾಕುತ್ತವೆ. ಜಿಗಿಹುಳು ಬರುವ ಹೊತ್ತಿಗೆ ಕಾವಲುಗಾರರು ಸಿದ್ಧ. ನಾಟಿಯಾದ ಮೊದಲ ತಿಂಗಳಲ್ಲಿ 'ಮುಂಜಾಗ್ರತೆ'ಗೆಂದು ಹೊಡೆಯುವ ಔಷಧಿ ಈ ಸರಪಳಿಯ ಬುಡವನ್ನೇ ಕತ್ತರಿಸುತ್ತದೆ.

ಆದರೆ ಪಾಠ ಕಲಿತವರೂ ಮರೆಯಬಹುದು. ಮಾರುಕಟ್ಟೆಗೆ ಔಷಧಿಗಳು ಮತ್ತೆ ಧಾರಾಳವಾಗಿ ಬಂದ ಮೇಲೆ, 2010-11ರಲ್ಲಿ ಜಾವಾದಲ್ಲಿ ಜಿಗಿಹುಳು ಮತ್ತೆ ದೊಡ್ಡ ಹಾನಿ ಮಾಡಿತು.

ಔಷಧಿಗೂ ಬಗ್ಗದ ಹುಳು

1991ರಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಹೊಸ ಬಗೆಯ ಕೀಟನಾಶಕ ಬಂತು. ಗಿಡದೊಳಗೆ ಸೇರಿ ರಸದ ಮೂಲಕ ಹುಳುವನ್ನು ತಲುಪುವ ಔಷಧಿ ಇದು. ಬುಡದಲ್ಲಿ ಅಡಗಿದ ಹುಳುವಿಗೆ ಇದಕ್ಕಿಂತ ಒಳ್ಳೆಯ ಮದ್ದು ಬೇಕೇ ಎನ್ನಿಸಿತು. ಸುಮಾರು ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿತು. 2003ರ ಸುಮಾರಿಗೆ ಏಷ್ಯಾದ ಹಲವೆಡೆ ಅದಕ್ಕೂ ಬಗ್ಗದ ಹುಳುಗಳು ಕಾಣಿಸಿಕೊಂಡವು. ಐಆರ್-26ರಲ್ಲಿ ನಡೆದ ಆಯ್ಕೆಯೇ ಇಲ್ಲಿಯೂ ನಡೆದಿತ್ತು. ಕರ್ನಾಟಕದ ಗಂಗಾವತಿ, ಮಂಡ್ಯ, ಕೊಳ್ಳೇಗಾಲ ಮುಂತಾದ ಕಡೆಯ ಹುಳುಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಂಧನೂರಿನ ನೆರೆಯ ಗಂಗಾವತಿಯ ಹುಳುಗಳು ಹಲವು ಔಷಧಿಗಳನ್ನು ಹೆಚ್ಚು ತಾಳಿಕೊಂಡವು. ಹೆಚ್ಚು ಎಣ್ಣೆ ಹೊಡೆವ ನಾಡಿನಲ್ಲಿ ಹೀಗಾಗುವುದು ಆಶ್ಚರ್ಯವಲ್ಲ.

ಇದರ ಬೆಲೆ ತೆರುವವರು ಯಾರು? ಲೀಸಿಗೆ ನೆಲ ಹಿಡಿದ ರೈತ ಭತ್ತ ಬರುವ ಮೊದಲೇ ಅಂಗಡಿಯಲ್ಲಿ ಸಾಲದ ಮೇಲೆ ಔಷಧಿ ತಂದಿರುತ್ತಾನೆ. ಬೆನ್ನಿಗೆ ಪಂಪು ಹೊತ್ತು, ಮುಖಕ್ಕೆ ವಸ್ತ್ರ ಸುತ್ತಿಕೊಂಡು, ಎದೆಮಟ್ಟದ ಪೈರಿನಲ್ಲಿ ನಡೆಯುವ ಕೂಲಿಯವನು ಆ ಔಷಧಿಯನ್ನು ಉಸಿರಾಡುತ್ತಾನೆ. ಬೆಳೆ ಸುಟ್ಟರೆ ಸಾಲ ಉಳಿಯುತ್ತದೆ.

ಮೂರು ತಾಲೂಕು, ಒಂದೇ ಪ್ರಶ್ನೆ

ಲಿಂಗಸೂಗೂರು ಮತ್ತು ಈಗ ಪ್ರತ್ಯೇಕ ತಾಲೂಕಾದ ಮಸ್ಕಿಯ ಒಣ ನೆಲದ ರೈತರು 'ಇದು ನೆಲ್ಲಿನವರ ಪಾಡು' ಎನ್ನುವಂತಿಲ್ಲ. ಅವರ ಹತ್ತಿಯಲ್ಲಿಯೂ ಇದೇ ಕಥೆ ಬೇರೆ ವೇಷದಲ್ಲಿದೆ. ಕಾಯಿಕೊರಕಗಳನ್ನು ಕೊಲ್ಲುವ ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಎರಡು ಜೀನಿನ ಬಿಟಿ ಬಂದದ್ದು 2006ರಲ್ಲಿ. ಮೊದಲನೆಯದಕ್ಕೆ ಗುಲಾಬಿ ಕಾಯಿಕೊರಕ ಬಗ್ಗುತ್ತಿಲ್ಲವೆಂದು 2010ರಲ್ಲಿ ಗುಜರಾತಿನಿಂದ ಸುದ್ದಿ ಬಂತು. ನಂತರದ ವರ್ಷಗಳಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಎರಡನೆಯದೂ ಈ ಹುಳುವಿನ ಮುಂದೆ ಸೋತಿತು. ನೀರಿದ್ದಲ್ಲಿ ಹತ್ತಿಯನ್ನು ಕೀಳದೆ ಬೇಸಿಗೆಯ ತನಕ ಉಳಿಸಿಕೊಂಡರೆ ಕಾಯಿಕೊರಕಕ್ಕೆ ಊಟ ತಪ್ಪುವುದೇ ಇಲ್ಲ.

ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪೀಡೆ ಬಿಟ್ಟುಹೋಗದಿರುವುದಕ್ಕೆ ಹುಳುವಿನ ಗುಣವೊಂದೇ ಕಾರಣವಲ್ಲ. ಕಡಿಯದ ಊಟ, ಒಂದೇ ತಳಿ, ಅತಿಯಾದ ಗೊಬ್ಬರ, ಕಾವಲುಗಾರರ ನಾಶ - ಇವು ನಾವು ಮಾಡಿಕೊಟ್ಟ ಅನುಕೂಲಗಳು. ನಾವು ಕೊಟ್ಟದ್ದನ್ನು ನಾವೇ ಹಿಂದಕ್ಕೆ ಪಡೆಯಲೂ ಸಾಧ್ಯ.

ಕೃಷಿ ವಿಜ್ಞಾನಿಗಳ ಸಲಹೆಗಳೆಲ್ಲ ಈ ದಿಕ್ಕಿನವೇ. ನಾಟಿಯಲ್ಲಿ ಪ್ರತಿ 2 ಮೀಟರಿಗೆ ಸುಮಾರು 30 ಸೆಂ.ಮೀ. ಅಗಲದ ಕಾಲುದಾರಿ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಬೀಳುತ್ತದೆ. ಯೂರಿಯಾವನ್ನು ಶಿಫಾರಸು ಮೀರದೆ ಕಂತುಗಳಲ್ಲಿ ಕೊಡಬೇಕು. ನಡುನಡುವೆ ನೀರು ಬಸಿದು ಗದ್ದೆ ಆರಲು ಬಿಡಬೇಕು. ಬುಡವೊಂದಕ್ಕೆ 5ರಿಂದ 10 ಹುಳು ಕಾಣುವ ತನಕ ಔಷಧಿಗೆ ಅವಸರ ಬೇಡ. ಜೇಡ, ಮಿರಿಡ್ ತಿಗಣೆ ಸಾಕಷ್ಟಿದ್ದರೆ ಇನ್ನೂ ಕಾಯಬಹುದು. ಹೊಡೆಯಲೇಬೇಕಾದರೆ ಬುಡಕ್ಕೆ ಹೊಡೆಯಬೇಕು, ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಬಳಸಬಾರದು.

ಇವು ಒಬ್ಬ ರೈತ ಮಾಡಬಹುದಾದವು. ಎಲ್ಲರೂ ಸೇರಿಯೇ ಮಾಡಬೇಕಾದ ಕೆಲಸ ಒಂದಿದೆ. ಒಂದು ಉಪಕಾಲುವೆಯ ಕೆಳಗಿನವರೆಲ್ಲ ಒಂದೇ ಹೊತ್ತಿಗೆ ನಾಟಿ ಮಾಡಿ, ಕೊಯ್ದು, ಕೂಳೆ ಉಳುಮೆ ಮಾಡಿ, ಎರಡು ಬೆಳೆಗಳ ನಡುವೆ ನೆಲವನ್ನು ಖಾಲಿ ಬಿಡುವುದು. ಹುಳು ಭತ್ತವನ್ನೇ ನಂಬಿದೆ ಎಂದು ಮೊದಲೇ ಹೇಳಿದೆವಲ್ಲ? ಒಂದು ತಿಂಗಳು ಭತ್ತವಿಲ್ಲದಿದ್ದರೆ ಒಂದು ತಲೆಮಾರು ಮುರಿಯುತ್ತದೆ. ಬೇಸಿಗೆಯಲ್ಲಿ ಭತ್ತದ ಬದಲು ಜೋಳ ಅಥವಾ ಕಡಲೆ ಹಾಕಿದರೆ ಹುಳುವಿನ ಸರಪಳಿ ಕಡಿಯುತ್ತದೆ, ಕೊನೆಭಾಗದವರಿಗೂ ನೀರು ಮುಟ್ಟುತ್ತದೆ. 1940ರ ದಶಕದ ಎಂಜಿನಿಯರುಗಳು ಜಿಗಿಹುಳುವನ್ನು ಮನಸ್ಸಿನಲ್ಲಿಟ್ಟು ಯೋಜನೆ ಮಾಡಿರಲಿಲ್ಲ. ಆದರೆ ನೀರನ್ನು ತೆಳುವಾಗಿ ಹಂಚಬೇಕೆಂಬ ಅವರ ಎಣಿಕೆ ಹುಳುವಿಗೂ ಮದ್ದಾಗುತ್ತಿತ್ತು.

ತರಗತಿಗೆ ಒಂದು ಚಟುವಟಿಕೆ

ಶಿಕ್ಷಕರು ಸೆಪ್ಟೆಂಬರ್ ತಿಂಗಳಲ್ಲಿ ಮಕ್ಕಳನ್ನು ಹತ್ತಿರದ ಗದ್ದೆಗೆ ಕರೆದೊಯ್ಯಬಹುದು. ಹೊರಡುವ ಮೊದಲು ರೈತರ ಒಪ್ಪಿಗೆ ಪಡೆಯಿರಿ. ಇತ್ತೀಚೆಗೆ ಔಷಧಿ ಹೊಡೆದ ಗದ್ದೆಗೆ ಇಳಿಯಬೇಡಿ. ಬಿಳಿ ತಟ್ಟೆಯೊಂದನ್ನು ಪೈರಿನ ಬುಡಕ್ಕೆ ಹಿಡಿದು ಕಾಂಡವನ್ನು ಮೂರು ಸಲ ತಟ್ಟಿ. ಬಿದ್ದ ಜಿಗಿಹುಳು, ಜೇಡ, ಮಿರಿಡ್ ತಿಗಣೆಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆದುಕೊಳ್ಳಿ. ಗದ್ದೆಯ ಬೇರೆ ಬೇರೆ ಕಡೆ ಇಂಥ ಹತ್ತು ಬುಡಗಳನ್ನು ನೋಡಿ ಸರಾಸರಿ ತೆಗೆಯಿರಿ. ವಾರಕ್ಕೊಮ್ಮೆ, ಐದಾರು ವಾರ ಹೀಗೆ ಮಾಡಿ ಎರಡು ರೇಖೆಗಳ ನಕ್ಷೆ ಬರೆಯಿರಿ: ಒಂದು ಪೀಡೆಯದು, ಇನ್ನೊಂದು ಕಾವಲುಗಾರರದು. ಔಷಧಿ ಹೊಡೆದ ಗದ್ದೆಯ ಲೆಕ್ಕವೂ ಬೇಕೆನ್ನಿಸಿದರೆ ಆ ಎಣಿಕೆಯನ್ನು ಅದರ ರೈತರಿಂದಲೇ ಕೇಳಿ ಪಡೆಯಿರಿ.

ಆ ನಕ್ಷೆಯನ್ನು ಗದ್ದೆಯ ಒಡೆಯರಿಗೆ ತೋರಿಸುವುದನ್ನು ಮರೆಯಬೇಡಿ. ಎಣ್ಣೆ ಹೊಡೆಯಬೇಕೇ ಬೇಡವೇ ಎಂಬ ತೀರ್ಮಾನ ಅವರದು. ಎಣಿಸಿ ನೋಡಿ ತೀರ್ಮಾನಿಸುವ ಅಭ್ಯಾಸವನ್ನು ನಿಮ್ಮ ಶಾಲೆಯ ಮಕ್ಕಳು ಅವರಿಗೆ ಕೊಡಬಹುದು.